ಏಳು ಸೆಕೆಂಡು ಹಿಂದಿದ್ದ ಗಡಿಯಾರ

ಮೊನ್ನೆಮೊನ್ನೆಯವರೆಗೂ ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಇರುತ್ತಿತ್ತು. ಕೆಟ್ಟಿದ್ದಲ್ಲ, ರೈಲು ತಪ್ಪಿಹೋದೀತೆಂದು ನಾನೇ ಮುಂದಿಟ್ಟಿದ್ದು. ಮೈಸೂರಿನ ತವರಿನಲ್ಲೂ ಹೀಗೇ ಇತ್ತು. ನಿಮ್ಮ ಮನೆಯಲ್ಲೂ ಇದ್ದಿರಬಹುದು. ತಮಾಷೆಯೆಂದರೆ, ಮುಂದಿದೆ ಎಂಬುದು ಮನೆಯವರಿಗೆಲ್ಲ ಗೊತ್ತು. ಎಲ್ಲರೂ ಮನಸ್ಸಿನಲ್ಲೇ ಹತ್ತು ಕಳೆದು, ಮತ್ತೊಂದು ಲೋಟ ಕಾಫಿ ಕುಡಿದು, ಕೊನೆಗೆ ಓಡುತ್ತಾರೆ.

ನಾನು ಹೆದರುಪುಕ್ಕಲಿ. ಇಂಥವಳಿಗೆ ಮೆಲ್ಬರ್ನಿನಲ್ಲಿ ಸಿಕ್ಕ ಕೆಲಸವಾದರೂ ಎಂಥದ್ದು ನೋಡಿ: ಹಳೆಯ ಭೂಕಂಪಗಳನ್ನು ಹುಡುಕುವುದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಭೂಮಿಯ ನಡುಕವನ್ನು ಉರುಳೆಗೆ ಸುತ್ತಿದ ಕಾಗದದ ಮೇಲೆ ಗೆರೆಯಾಗಿ ಬರೆಸುತ್ತಿದ್ದರು. ಅಲೆ ಯಾವ ಅಳತೆ ಕೇಂದ್ರಕ್ಕೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ಹೋಲಿಸಿದರೆ ಕಂಪ ಎಲ್ಲಿ ಹುಟ್ಟಿತೆಂದು ತಿಳಿಯುತ್ತದೆ. ನನ್ನ ತಾಯಿಗಿಂತ ವಯಸ್ಸಾದ ಆ ಕಾಗದಗಳನ್ನು ಸ್ಕ್ಯಾನ್ ಮಾಡಿ, ಗೆರೆ ಎಲ್ಲಿ ಬೆಚ್ಚಿದೆ ಎಂದು ಗುರುತು ಹಾಕುತ್ತೇನೆ. ಬೆಚ್ಚಿದ್ದೆಲ್ಲ ಭೂಕಂಪವಲ್ಲ. ಕೆಲವೊಮ್ಮೆ ಅದು ಬಾಗಿಲು ಬಡಿದದ್ದು, ಕೆಲವೊಮ್ಮೆ ಕಾಗದ ಬದಲಿಸಲು ಬಂದವನ ಬೂಟಿನ ಸದ್ದು. ನನಗೋ ಎಲ್ಲವೂ ಭೂಕಂಪವೇ.

ನಾವಾಗ ಊರಿನ ಪಶ್ಚಿಮದಂಚಿನ ಬಡಾವಣೆ ಟ್ರುಗನಿನಾದಲ್ಲಿ ಬಾಡಿಗೆಗಿದ್ದೆವು. ಉತ್ತರದಂಚಿನ ಕ್ರೇಗಿಬರ್ನ್‌ನಲ್ಲೊಂದು ಮನೆ ನೋಡಿ, ನನ್ನ ಗಂಡ ಪ್ರಸಾದನೂ ಮಗಳು ಅನ್ವಿಯೂ ಮನಸೋತಿದ್ದರು. ಶುಕ್ರವಾರದೊಳಗೆ ಏಜೆಂಟನಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಅದೇ ವಾರ ಮೂರು ಕೇಂದ್ರಗಳ ಕಾಗದ ಜೋಡಿಸಿ ಒಂದು ಹಳೆಯ ಕಂಪದ ಜಾಗ ಲೆಕ್ಕ ಹಾಕಿದೆ. ನಕ್ಷೆಯಲ್ಲಿ ಚುಕ್ಕೆ ಹೋಗಿ ಕೂತದ್ದು ಸಾಕ್ಷಾತ್ ಕ್ರೇಗಿಬರ್ನ್ ಮೇಲೆ.

ಲೆಕ್ಕವನ್ನು ಸಿಡ್ನಿಯಲ್ಲಿರುವ ಹಿರಿಯ ಸಹೋದ್ಯೋಗಿಗೆ ಕಳಿಸಿ, ಮನೆಗೆ ಬಂದವಳೇ, "ಆ ಮನೆ ಬೇಡ. ಈಗ್ಲೇ ಏಜೆಂಟ್‌ಗೆ ಹೇಳ್ಬಿಡು," ಎಂದೆ.

"ಅದು ಎಷ್ಟೋ ವರ್ಷದ ಹಿಂದಿನ ಭೂಕಂಪ ಕಣೇ," ಎಂದ ಪ್ರಸಾದ.

"ಒಮ್ಮೆ ಬಂದಿದ್ದು ಇನ್ನೊಮ್ಮೆ ಬರಲ್ವಾ?"

"ಆಯ್ತು ಬಿಡು," ಎಂದು ಫೋನ್ ಹಿಡಿದು ಹಿತ್ತಲಿಗೆ ಹೋದ. ಅನ್ವಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನನಗೆ ಸಂಕಟವಾಯಿತು, ಆದರೆ ಮಗು ಬದುಕಿದ್ದರೆ ತಾನೇ ಮುನಿಸಿಕೊಳ್ಳುವುದು ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ಶಿವಾನಂದ ಸರ್ ಫೋನ್ ಮಾಡಿದರು. ನನ್ನ ಲೆಕ್ಕವನ್ನೆಲ್ಲ ತಿದ್ದುವವರು ಅವರೇ. ಊರು ಧಾರವಾಡ.

"ಅಲ್ರೀ, ಒಂದು ಕೇಂದ್ರದಾಂವ ಕಾಗದದ ಅಂಚಿನಾಗ ಏಳು ಅಂತ ಬರದಾನಲ್ಲ, ಅದನ್ನ ಯಾಕ ಕಳದ್ರಿ?"

"ಆ ಕೇಂದ್ರದ ಗಡಿಯಾರ ಏಳು ಸೆಕೆಂಡ್ ಮುಂದಿದೆ ಅಂತ, ಸರ್."

"ಮುಂದ ಅಂತ ಯಾರು ಹೇಳಿದ್ರು? ಆ ಗಡಿಯಾರ ಹಿಂದ ಬಿದ್ದಿತ್ತು. ಏಳಕ್ಕ ಮುಂಚೆ ಕೂಡಿಸೋ ಗುರ್ತು ಐತಿ, ನೋಡ್ರಿ. ನಿಮ್ಮ ಭೂಕಂಪ ಅಲ್ಲಿಲ್ಲ, ಪೂರ್ವಕ್ಕ ಗುಡ್ಡದ ಕಡೆ ಹೋಗ್ತದ."

ನೋಡಿದೆ. ಗುರುತು ಮಸುಕಾಗಿತ್ತು, ಆದರೆ ಇತ್ತು. ಹುಟ್ಟಿದಾಗಿನಿಂದ ಮುಂದಿಟ್ಟ ಗಡಿಯಾರದ ಕೆಳಗೇ ಬೆಳೆದವಳಿಗೆ ಗಡಿಯಾರವೊಂದು ಹಿಂದೆಯೂ ಇರಬಹುದು ಎಂದು ಹೊಳೆಯಲೇ ಇಲ್ಲ. ಆ ಕೇಂದ್ರದ ಪುಣ್ಯಾತ್ಮ ದಿನವೂ ರೇಡಿಯೋ ಸಮಯಕ್ಕೆ ಹೋಲಿಸಿ, ತನ್ನ ಗಡಿಯಾರ ಎಷ್ಟು ತಪ್ಪಿದೆ ಎಂದು ಸಂಕೋಚವಿಲ್ಲದೆ ಅಂಚಿನಲ್ಲಿ ಬರೆದಿಟ್ಟಿದ್ದ. ಗಡಿಯಾರ ತಪ್ಪಿದ್ದರೂ ಅವನ ಕಾಗದ ಸರಿಯಾಗಿತ್ತು. ಕಂಪ ಗುಡ್ಡದ ಕಡೆ ಹೋಯಿತಲ್ಲ ಎಂದು ಮೊದಲು ಹಾಯೆನಿಸಿತು. ಅಲ್ಲೂ ಜನ ಇದ್ದಾರೆಂದು ನೆನಪಾಗಿ ನಾಚಿಕೆಯೂ ಆಯಿತು. ಆಮೇಲೆ, ಕೈಯಾರೆ ಕಳೆದುಕೊಂಡ ಮನೆಯ ನೆನಪಾಯಿತು.

ಸಂಜೆ ಪ್ರಸಾದನ ಎದುರು ಕೂತು ಎಲ್ಲವನ್ನೂ ಒಪ್ಪಿಕೊಂಡೆ. ಏಜೆಂಟನನ್ನು ಮತ್ತೊಮ್ಮೆ ಕೇಳಿ ನೋಡಬಹುದೇ ಎಂದೆ.

"ನಾನು ಬೇಡ ಅಂತ ಹೇಳೇ ಇಲ್ಲ," ಎಂದ ಅವನು. "ಹಿತ್ತಲಲ್ಲಿ ಸುಮ್ನೆ ನಿಂತಿದ್ದೆ. ನಿನ್ನ ಭಯಾನೂ ನಿನ್ನ ಗಡಿಯಾರದ ಥರಾನೇ. ನಾನು ಯಾವಾಗ್ಲೂ ಹತ್ತು ನಿಮಿಷ ಕಳ್ದೇ ನೋಡೋದು."

ಮನೆ ಉಳಿಯಿತೆಂದು ಅಳು ಬಂತು. ಸ್ವಲ್ಪ ಹೊತ್ತಿಗೆ ಸಿಟ್ಟೂ ಬಂತು. ಒಂದು ದಿನ ನನ್ನ ಭಯ ನಿಜವೇ ಆಗಿದ್ದರೆ? ಆವತ್ತೂ ಇವನು ಹತ್ತು ಕಳೆದು ಕಾಫಿ ಕುಡಿಯುತ್ತ ಕೂರುತ್ತಾನಲ್ಲ. ಅವನಿಗೆ ಆ ಅಭ್ಯಾಸ ಮಾಡಿಸಿದವಳು ನಾನೇ.

ಕ್ರೇಗಿಬರ್ನ್‌ನ ಮನೆಯಲ್ಲಿ ಗಡಿಯಾರವನ್ನು ಸರಿಯಾದ ಸಮಯಕ್ಕೇ ಇಟ್ಟು, ಎಲ್ಲರಿಗೂ ಕೂಗಿ ಹೇಳಿದೆ. ಯಾರೂ ನಂಬಲಿಲ್ಲ. ಮೊದಲ ಬೆಳಿಗ್ಗೆಯೇ ಪ್ರಸಾದ ನಿಧಾನಕ್ಕೆ ಹತ್ತು ಕಳೆದು ಹೊರಟ, ರೈಲು ತಪ್ಪಿಸಿಕೊಂಡ. ಈಗ ಆ ಕೇಂದ್ರದವನ ಹಾಗೆ ನಾನೂ ಗಡಿಯಾರದ ಕೆಳಗೆ ಚೀಟಿ ಅಂಟಿಸಿದ್ದೇನೆ: "ಸರಿಯಾಗಿದೆ, ಕಳೆಯಬೇಡಿ." ಅಂಥದ್ದೇ ಇನ್ನೊಂದನ್ನು ಬರೆದು ನನ್ನ ಮೇಲೂ ಅಂಟಿಸಿಕೊಳ್ಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.