ಬೂದಿ ಹಚ್ಚಿದ ನೈದಿಲೆ ಬೀಜ

ತಂಬೂರಿನಲ್ಲಿ ನನ್ನ ತವರುಮನೆಯ ಹಿಂದಿನ ಕೆರೆಯ ಹೂಳೆತ್ತಿಸುತ್ತಾರೆಂದು ಅವ್ವ ಫೋನು ಮಾಡಿದಳು. ಹೂಳಿನ ಸಂಗಡ ನೈದಿಲೆಯೂ ಬೇರುಸಹಿತ ಹೋಗುತ್ತದೆ. ಕೆರೆ ತುಂಬಲಿ ಎಂದು ಹಾರೈಸಬೇಕೋ, ಹೂವು ಹೋಯಿತೆಂದು ಅಳಬೇಕೋ ತಿಳಿಯಲಿಲ್ಲ. ಚಿಕ್ಕವಳಿದ್ದಾಗ ಅದರ ದಂಟು ಮುರಿದು ಸರ ಮಾಡಿ ಹಾಕಿಕೊಂಡವಳು ನಾನು. ಅಂಥ ಕೆಂಪು ಬೇರೆ ಯಾವ ಕೆರೆಯಲ್ಲೂ ಕಂಡಿಲ್ಲ. ಗಂಡನ ಮನೆ ಯರಗುಪ್ಪಿಯಲ್ಲಿ, ದನಕ್ಕೆ ನೀರಿಡುತ್ತಿದ್ದ ಹಳೆಯ ಕಲ್ಲುಬಾನಿಯಲ್ಲಾದರೂ ಅದನ್ನು ಉಳಿಸಿಕೊಳ್ಳಬೇಕೆಂದು ಹಟ ಹಿಡಿದೆ.

ನೈದಿಲೆಯ ಬೀಜ ಹಿಡಿಯುವುದು ಜೋಳದ ಬೀಜ ಹಿಡಿದಂತಲ್ಲ. ಹೂವು ಬಾಡಿದ ಮೇಲೆ ಕಾಯಿ ನೀರೊಳಗೆ ಮುಳುಗಿ ಬಲಿಯುತ್ತದೆ. ಒಂದು ದಿನ ಹೇಳದೆ ಕೇಳದೆ ಒಡೆದು ಬೀಜವನ್ನೆಲ್ಲ ತೇಲಿಬಿಡುತ್ತದೆ. ಅದಕ್ಕೇ ತವರಿಗೆ ಹೋಗಿ ಮೊಣಕಾಲುದ್ದ ನೀರಿಗಿಳಿದು ಐದು ಕಾಯಿಗಳಿಗೆ ಹಳೆಯ ಧೋತರದ ಚೂರು ಕಟ್ಟಿ ಬಂದೆ. ಎರಡು ವಾರ ಬಿಟ್ಟು ಹೋದಾಗ ಮೂರು ಬಟ್ಟೆಗಳಲ್ಲಿ ಗಸಗಸೆಯಂಥ ಬೀಜವಿತ್ತು. ಒಣಗಿದರೆ ಅವು ಸತ್ತಂತೆ. ನೀರು ತುಂಬಿದ ಬಾಟಲಿಗೆ ಹಾಕಿ ಯರಗುಪ್ಪಿಗೆ ತಂದು, ಅಡುಗೆಮನೆಯಲ್ಲಿ ನೀರಿನ ಹರವಿಯ ಹಿಂದೆ ತಂಪಿನಲ್ಲಿಟ್ಟೆ. ಯಾರಿಗೂ ಏನೂ ಹೇಳಲಿಲ್ಲ. ತಪ್ಪಾದದ್ದು ಅಲ್ಲೇ.

ನಾನು ಶಾಲೆಯಲ್ಲಿ ಕಲಿಸುವವಳು. ತರಬೇತಿಗೆಂದು ನಾಲ್ಕು ದಿನ ಧಾರವಾಡಕ್ಕೆ ಹೋಗಿ ಬಂದರೆ ಅತ್ತೆ ನಗುನಗುತ್ತ ಒಂದು ಗಂಟನ್ನು ಕೈಗಿಟ್ಟರು.

“ಬೀಜಾ ನೀರಾಗ ಹಾಕಿ ಮರತ ಹೋಗಿದ್ದೆಲ್ಲವಾ, ನಾರಾಕ ಹತ್ತಿತ್ತು. ಮೂರು ಬಿಸಲಾ ತೋರಿಸಿ ಬೂದಿ ಹಚ್ಚೀನಿ. ಇನ್ನ ಹುಳಾ ಮುಟ್ಟೂದಿಲ್ಲ.”

ಎರೆಭೂಮಿಯ ಹೆಂಗಸು, ನೀರಲ್ಲಿಡುವ ಬೀಜ ಕಂಡವರಲ್ಲ. ಊರಿನವರು ಹೆಸರುಕಾಳಿನ, ಸೌತೆಯ ಬೀಜ ಕೇಳಿಕೊಂಡು ಬರುವುದು ಇವರ ಹತ್ತಿರವೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಕೋಣ ನಾನೇ ಎಂದಿಟ್ಟುಕೊಳ್ಳಿ. ಮೈಯೆಲ್ಲ ಉರಿಯಿತು. ಆದರೆ ಹೇಳಿದ್ದು, “ಛಲೋ ಆತ್ರಿ ಅತ್ತಿ.” ಅವರ ಮುಖ ನೋಡಿ ಅಯ್ಯೋ ಅನ್ನಿಸಿತೋ, ಹೆದರಿದೆನೋ, ಇವತ್ತಿಗೂ ಗೊತ್ತಿಲ್ಲ.

ಹಸಿ ಬೀಜ ಒಂದೂ ಉಳಿದಿರಲಿಲ್ಲ, ಅತ್ತ ಕೆರೆಗೆ ಯಂತ್ರ ಇಳಿದಾಗಿತ್ತು. ಸತ್ತ ಬೀಜವನ್ನೇ ಅವರೆದುರು ಬಾನಿಯ ಕೆಸರಿಗೆ ಒತ್ತಿ, ಮೇಲೆ ಗೇಣುದ್ದ ನೀರು ಬಿಟ್ಟೆ. ದಿನಾ ಬೆಳಿಗ್ಗೆ ಇಬ್ಬರೂ ಬಗ್ಗಿ ನೋಡುವುದು. ಅವರು ನಿಜವಾಗಿ ನೋಡುತ್ತಿದ್ದರು, ನಾನು ನೋಡಿದಂತೆ ಮಾಡುತ್ತಿದ್ದೆ. ಒಮ್ಮೊಮ್ಮೆ ನನಗೂ ಆಸೆ ಹುಟ್ಟುತ್ತಿತ್ತು. ಅವರ ಕೈಗುಣ ದೊಡ್ಡದು, ಯಾರಿಗೆ ಗೊತ್ತು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಬಾನಿಯ ಅಂಚಿಗೆ ಕುಳಿತು, “ನೀರಿನ ಬೀಜಾ ಬಿಸಲಿಗಿಟ್ಟು ನಾನ ಕೊಂದೀನಿ, ಹೌದಿಲ್ಲೋ?” ಎಂದರು.

“ಇಲ್ರಿ, ಬೀಜಾನ ಜೊಳ್ಳ ಇದ್ವು,” ಎಂದೆ.

“ಸುಳ್ಳ ಹೇಳಬ್ಯಾಡ. ನಿಮ್ಮವ್ವನ ಕೂಡ ಫೋನಿನ್ಯಾಗ ದಿನಾ ಬಾಯಿ ಮಾಡ್ತಿ. ಆಕಿ ಹಿಂಗ ಒಣಗಿಸಿದ್ರ ಊರ ಕೂಡೂಹಂಗ ಜಗಳಾ ತಗೀತಿದ್ದಿ. ನೀ ಈ ಮನಿಗಿ ಬಂದು ಹನ್ನೆರಡ ವರ್ಷ ಆತು, ನನ್ನ ಕೂಡ ಒಂದ ದಿನಾ ಜಗಳಾ ಮಾಡಿಲ್ಲ. ನಾ ಏನ್ ಹೊರಗಿನಾಕೀನೇನು?”

ಜಗಳವಾಡದ ಸೊಸೆ ಎಂದು ಓಣಿಯಲ್ಲೆಲ್ಲ ನನಗೆ ಹೆಸರಿದೆ. ಅದು ನನ್ನ ಒಳ್ಳೆಯತನ ಎಂದೇ ಇಷ್ಟು ದಿನ ತಿಳಿದಿದ್ದೆ. ಅತ್ತೆ ಎದ್ದು ಹೋಗಲಿಲ್ಲ, ನಾನು ಬೈಯಲೆಂದು ಕಾಯುತ್ತ ಕುಳಿತರು.

ಕೊನೆಗೆ ಬಾಯಿ ತೆರೆದರೆ, “ಚಹಾ ಮಾಡ್ಲೇನ್ರಿ ಅತ್ತಿ?” ಅಂತಲೇ ಬಂತು.