ಮೊಂಜಿಯ ಮನೆ ಮುಂದೆ ಡೋಲು

ಬೆಳಗಿನ ಜಾವ. ಮಹದಿಯಾ ಎಂಬ ಕಡಲೂರಿನ ಹಳೆಯ ಪೇಟೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಖಮೈಸ್ ತಮ್ಮ ಡೋಲನ್ನು ಕೆಂಡದ ಮೇಲೆ ಹಿಡಿದು ತಿರುಗಿಸುತ್ತಿದ್ದಾರೆ. ಸಮುದ್ರದ ತೇವ ಕುಡಿದ ಚರ್ಮ ಬರೀ ‘ದಪ್’ ಎನ್ನುತ್ತದೆ. ಕಾದ ಮೇಲೆ ಅದರ ದನಿಯೇ ಬೇರೆ. ಹೆಬ್ಬೆರಳಲ್ಲಿ ಒಮ್ಮೆ ತಟ್ಟಿ ನೋಡಿ, ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಹೊರಡುತ್ತಾರೆ.

“ಹಬೀಬಾ ಅಜ್ಜೀ, ಏಳಿ! ಉಪವಾಸಕ್ಕೆ ಮುಂಚೆ ಎರಡು ತುತ್ತು ತಿನ್ನಿ!”

“ಎದ್ದಿದೀನೋ! ನಿನ್ನ ಡೋಲು ಸಮುದ್ರಕ್ಕೆ ಬೀಳ!” ಎಂದು ಮೇಲಿನ ಕಿಟಕಿ ಬೈಯುತ್ತದೆ. ಖಮೈಸ್‌ಗೆ ಖುಷಿ. ಬೈದರೆ ಎದ್ದಿದ್ದಾರೆ ಎಂದೇ ಲೆಕ್ಕ.

ಓಣಿ ತಿರುಗುವ ಕಡೆ ಒಂದು ನೀಲಿ ಬಾಗಿಲಿದೆ. ಅಲ್ಲಿ ಅವರು ನಿಲ್ಲುತ್ತಾರೆ. “ಮೊಂಜೀ, ಏಳಪ್ಪಾ! ಹೆಂಡ್ತಿ ಮಕ್ಕಳು ಕಾಯ್ತಿದಾರೆ!” ಎಂದು ಕೂಗಿ, ಕೋಲನ್ನು ಎತ್ತಿ ಹಿಡಿದು, ತಲೆ ಓರೆ ಮಾಡಿ ಕಾಯುತ್ತಾರೆ. ಅವರ ಬಗ್ಗೆ ಬರೆಯಲೆಂದು ಜೊತೆಗೆ ಬಂದು ಪಕ್ಕದಲ್ಲಿ ನಿಂತ ನನ್ನ ಮೈ ಜುಮ್ಮೆನ್ನುತ್ತದೆ. ಮೊಂಜಿ ಸತ್ತು ಇದು ಎರಡನೇ ರಂಜಾನ್. ಭೂಶಿರದ ತುದಿಯಲ್ಲಿ, ಅಲೆಯ ತುಂತುರು ಬೀಳುವ ಬಿಳಿ ಗೋರಿಗಳ ನಡುವೆ ಅವನೂ ಮಲಗಿದ್ದಾನೆ.

ಖಮೈಸ್‌ಗೆ ಅರವತ್ತು ದಾಟಿದೆ. ವರ್ಷವಿಡೀ ಬಂದರಿನಲ್ಲಿ ಹರಿದ ಬಲೆ ಹೆಣೆಯುತ್ತಾರೆ. ರಂಜಾನ್ ಬಂತೆಂದರೆ ಊರಿಗೆ ಅವರೇ ‘ಬೂತಬೀಲಾ’, ಎಂದರೆ ಡೋಲು ಬಾರಿಸಿ ಜನರನ್ನು ಎಬ್ಬಿಸುವವನು. ಡೋಲು ಅಪ್ಪನದು, ಮಂಡಿನೋವು ಸ್ವಂತದ್ದು. ಸಂಬಳವಿಲ್ಲ. ಹಬ್ಬದ ದಿನ ಮನೆಮನೆಯವರು ಕೊಟ್ಟ ಸಿಹಿಯಷ್ಟೇ. ಮಳೆ ಬಂದರೂ ಜ್ವರ ಬಂದರೂ ಹೋಗಲೇಬೇಕು. “ನಾನು ಮಲಗಿಬಿಟ್ರೆ ಊರೇ ಹಸ್ಕೊಂಡಿರತ್ತಲ್ಲ” ಎನ್ನುತ್ತಾರೆ.

ಅವರ ಬಗ್ಗೆ ಬರೆಯಲು ಹೊರಟರೆ ಮಾತು ಮೊಂಜಿಯ ಕಡೆಗೇ ಹರಿಯುತ್ತದೆ. ಮೊಂಜಿ ಬಂದರಿನಲ್ಲಿ ಮೀನಿನ ಪೆಟ್ಟಿಗೆಗಳಿಗೆ ಮಂಜುಗಡ್ಡೆ ತುಂಬುತ್ತಿದ್ದ. ಮೂರು ಹೆಣ್ಣುಮಕ್ಕಳಿಗೆ ದಿನಾ ಬೆಳಿಗ್ಗೆ ಹಾಡುತ್ತ ಜಡೆ ಹಾಕುವವನು ಅವನೇ, ಮೂರೂ ಜಡೆ ಸೊಟ್ಟ. ಯಾರ ಮನೆ ಮದುವೆಯಾದರೂ ಕರೆಯದಿದ್ದರೂ ಹೋಗಿ ಕೂತು ಮಡಕೆಯಂಥ ದರ್ಬೂಕಾ ವಾದ್ಯ ಬಾರಿಸುತ್ತಿದ್ದ. ಸಂಜೆ ಕೋಟೆಯ ಮುಂದಿನ ಬಯಲಲ್ಲಿ ಮಕ್ಕಳ ಹ್ಯಾಂಡ್‌ಬಾಲ್ ಆಟಕ್ಕೆ ಸೀಟಿ ಊದುವುದು, ಸೋಲುವ ಕಡೆಗೆ ಕದ್ದು ಒಂದು ಗೋಲು ಸೇರಿಸುವುದು. ಅವನು ನಕ್ಕರೆ ದೋಣಿಯಲ್ಲಿದ್ದವರೂ ತಿರುಗಿ ನೋಡುತ್ತಿದ್ದರು.

“ನಾನು ಕೂಗಿದ ಕೂಡ್ಲೇ ಒಳಗಿಂದ ತಾಮ್ರದ ತಟ್ಟೆ ಬಾರಿಸೋನು” ಎಂದು ನೆನೆಯುತ್ತಾರೆ ಖಮೈಸ್. “ನನ್ನ ತಾಳಾನೇ. ಆದ್ರೆ ಕೊನೇಲಿ ಬೇಕಂತ್ಲೇ ಒಂದು ಪೆಟ್ಟು ಜಾಸ್ತಿ. ‘ತಾಳ ತಪ್ಪಿತಲ್ಲೋ ಕತ್ತೆ’ ಅಂತ ನಾನು ಬೈಬೇಕು, ಅವನು ನಗಬೇಕು. ಅಷ್ಟಾದ್ಮೇಲೇ ಮುಂದಿನ ಮನೆ.”

ಹೋದ ವರ್ಷದ ರಂಜಾನ್‌ಗೆ ಮುಂಚಿನ ಚಳಿಗಾಲದಲ್ಲಿ, ಬಂದರಿನಲ್ಲಿ ಯಾವುದೋ ಜೋಕು ಹೇಳುತ್ತ ಹೇಳುತ್ತ ಮೊಂಜಿ ಮಂಜುಗಡ್ಡೆಯ ಮೇಲೆ ಕೂತ. ಮತ್ತೆ ಏಳಲಿಲ್ಲ. ಆ ಜೋಕಿನ ಕೊನೆ ಏನಿತ್ತೆಂದು ಯಾರಿಗೂ ಗೊತ್ತಿಲ್ಲ.

ಆ ರಂಜಾನ್ ಬಂದಾಗ ಖಮೈಸ್ ಡೋಲನ್ನು ಅಂಗೈಯಿಂದ ಮುಚ್ಚಿ ನೀಲಿ ಬಾಗಿಲನ್ನು ದಾಟಿಬಿಟ್ಟರು. ಕೆಲವು ದಿನ ಹಾಗೇ ನಡೆಯಿತು. ಒಂದು ಜಾವ ಮೊಂಜಿಯ ಹೆಂಡತಿ ದೂಜಾ ಹೊಸ್ತಿಲಲ್ಲೇ ಕಾದಿದ್ದಳು.

“ನಮ್ಮನೇನ ಯಾಕಣ್ಣ ಬಿಟ್ಟು ಹೋಗ್ತೀಯ? ನಾವೆಲ್ಲ ಸತ್ವಾ?”

“ಯಾರ ಹೆಸರು ಕೂಗ್ಲಿ ತಂಗಿ?”

“ಯಾವ ಹೆಸರು ಕೂಗ್ತಿದ್ಯೋ ಅದೇ.”

ಮಾರನೆಯ ದಿನ ಖಮೈಸ್ ಕೂಗಿದರು. ಮೇಲಿನ ಕೋಣೆಯಿಂದ ತಟ್ಟೆಯ ಸದ್ದು ಬಂತು. ಅದೇ ತಾಳ, ಕೊನೆಗೆ ಅದೇ ಹೆಚ್ಚಿನ ಪೆಟ್ಟು. ಮಕ್ಕಳು ಅಪ್ಪನ ಆಟ ಮುಂದುವರಿಸಿದ್ದಾರೆಂದು ತಿಳಿದು ಖಮೈಸ್ ಕಣ್ಣೊರೆಸಿಕೊಂಡು ನಡೆದರು. ದಿನವೂ ಹೀಗೇ ಆಯಿತು. ಒಂದು ಮಧ್ಯಾಹ್ನ ಮೀನಿನ ಅಂಗಡಿಯ ಮುಂದೆ ಕಿರಿಮಗಳು ಶೀರಾಜ್ ಸಿಕ್ಕಳು.

“ಚೆನ್ನಾಗಿ ಬಾರಿಸ್ತೀಯ ಮಗಾ” ಎಂದರು ಖಮೈಸ್.

ಹುಡುಗಿ ಬಿಳಿಚಿಕೊಂಡಳು. “ನೀವು ಬಾರಿಸೋದಲ್ವಾ ಮಾವ? ಆ ತಟ್ಟೆ ಮನೇಲಿ ಇಲ್ಲ. ಅಪ್ಪ ಸತ್ತ ನಲವತ್ತನೇ ದಿನದ ಊಟ ಆದ್ಮೇಲೆ ಅಮ್ಮ ಅತ್ತೆಗೆ ಕೊಟ್ಬಿಟ್ರು.”

ಅತ್ತೆಯ ಮನೆ ಇರುವುದು ದೂರದ ಸ್ಫಾಕ್ಸ್‌ನಲ್ಲಿ.

ಸುದ್ದಿ ಓಣಿ ತುಂಬಿತು. ಕಿಟಕಿಗಳು ಮುಚ್ಚಿದವು. ಬಯಲಿನ ಮಕ್ಕಳು ಆ ಮನೆಯ ಗೋಡೆಯ ಹತ್ತಿರ ಬಂದಾಗ ಚೆಂಡನ್ನು ಅವುಚಿಕೊಂಡು ಓಡತೊಡಗಿದರು. ಹಿರಿಮಗಳು ಸೌಸನ್ ಅಳುತ್ತ ಖಮೈಸ್ ಬಳಿಗೆ ಬಂದಳು. “ಎಲ್ಲರನ್ನೂ ನಗಿಸಿದೋರು ನಮ್ಮಪ್ಪ. ಈಗ ಅವರ ಹೆಸರು ಕೇಳಿದ್ರೆ ಜನ ಹೆದರ್ತಾರೆ. ನಿಲ್ಸಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ.”

ಖಮೈಸ್ ಎರಡು ಹೊತ್ತು ಬಲೆ ಮುಟ್ಟಲಿಲ್ಲ. ಸಂಜೆ ದೂಜಾಳಿಗೆ ಹೇಳಿಕಳಿಸಿದರು: ನಾಳೆ ಜಾವ ಎಲ್ಲರೂ ಮನೆಗೆ ಬೀಗ ಹಾಕಿ ಬೀದಿಗೆ ಬನ್ನಿ. ನನ್ನ ಪಕ್ಕ ನಿಂತು ಕೇಳಿ.

ಬಂದರು. ಬೀಗದ ಕೈ ದೂಜಾಳ ಮುಷ್ಟಿಯಲ್ಲಿ, ಮೂವರು ಹುಡುಗಿಯರು ಅವಳ ಬೆನ್ನ ಹಿಂದೆ. ಮುಚ್ಚಿದ ಕಿಟಕಿಗಳ ಸಂದಿಯಲ್ಲಿ ಕಣ್ಣುಗಳು. ಖಮೈಸ್ ಕೂಗಿದರು. ಅಲೆಯ ಸದ್ದೂ ಹಿಂದೆ ಸರಿದಂತಾಯಿತು. ದೀಪವಿಲ್ಲದ ಕೋಣೆಯಿಂದ ತಟ್ಟೆ ಮೆಲ್ಲಗೆ ಶುರುವಾಯಿತು. ತಾಳ ಮುಗಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ, ಠಣ್.

ಬೈಯುವ ಸರದಿ ಖಮೈಸ್‌ರದು. ಬೈದವಳು ದೂಜಾ. “ತಾಳ ತಪ್ಪಿತಲ್ಲೋ ಕತ್ತೆ!” ಎಂದು ಬೀದಿ ನಡುಗುವಂತೆ ಕೂಗಿದಳು. ಕೂಗಿ, ನಕ್ಕಳು. ಗಂಡ ಸತ್ತ ಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು. ಶೀರಾಜ್ ನಕ್ಕಳು, ಸೌಸನ್ ಅಳುತ್ತಲೇ ನಕ್ಕಳು. ಒಂದೊಂದಾಗಿ ಕಿಟಕಿಗಳು ತೆರೆದವು.

ಒಳಗಿನಿಂದಲೂ ಒಬ್ಬರು ನಕ್ಕಿದ್ದು ಕೇಳಿಸಿತೆಂದು ಓಣಿಯವರು ಹೇಳುತ್ತಾರೆ. ಖಮೈಸ್ ಆಣೆ ಮಾಡಲು ಒಪ್ಪುವುದಿಲ್ಲ. “ದೂಜಾ ನಗ್ತಿದ್ಲು. ಅದರೊಳಗೆ ಬೇರೆ ನಗು ಸೇರಿತ್ತೋ ಇಲ್ವೋ, ನಂಗೆ ಬಿಡಿಸಿ ಹೇಳಕ್ಕಾಗಲ್ಲ.”

ಮರುದಿನದಿಂದ ತಟ್ಟೆ ಕೇಳಿಸಿಲ್ಲ. ಮಕ್ಕಳು ಈಗ ಆ ಗೋಡೆಗೇ ಚೆಂಡು ಎಸೆದು ಆಡುತ್ತಾರೆ, ಯಾರಾದರೂ ಬಿದ್ದರೆ ಮೊಂಜಿ ಕಾಲು ಹಾಕಿದ ಎಂದು ರೇಗಿಸುತ್ತಾರೆ.

ಪೂರ್ವದಲ್ಲಿ ಬೆಳ್ಳಗಾಗಲು ಇನ್ನೂ ಸ್ವಲ್ಪ ಹೊತ್ತಿದೆ. ಸುತ್ತು ಮುಗಿಸಿದ ಖಮೈಸ್ ದೂಜಾ ಕಳಿಸಿದ ಮಜ್ಜಿಗೆಯನ್ನು ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲಿದೆ, ಎಬ್ಬಿಸುವುದಕ್ಕೆ ಡೋಲು ಇನ್ನೂ ಬೇಕೇ ಎಂದು ನಾನು ಕೇಳುತ್ತೇನೆ.

ಖಮೈಸ್ ನೀಲಿ ಬಾಗಿಲಿನ ಕಡೆ ಒಮ್ಮೆ ನೋಡಿ, ಡೋಲಿನ ಪಟ್ಟಿ ಸರಿಮಾಡಿಕೊಳ್ಳುತ್ತಾರೆ.

“ಮೊಬೈಲು ಬದುಕಿರೋರನ್ನ ಮಾತ್ರ ಎಬ್ಬಿಸತ್ತೆ ಕಣಪ್ಪ.”