ಅಕ್ಕನ ಹೆಸರಿನಲ್ಲಿ ಕೊಟ್ಟ ರಕ್ತ

ಕಾಲುವೆಗೆ ನೀರು ಬಿಟ್ಟರೆ ಸಗರದ ಲಾಲಮ್ಮನಿಗೆ ಬಿಡುವಿಲ್ಲ. ಭತ್ತದ ನಾಟಿಗೆ ಅವಳ ಕೈ ಅಷ್ಟು ಚುರುಕು. ಹಗಲೆಲ್ಲ ಕೆಸರಲ್ಲಿ ಬಗ್ಗಿ, ಸಂಜೆ ಬಂದು ರೊಟ್ಟಿ ಬಡಿದು, ನಡುವೆ ಯಾರದೋ ಕೂಸಿಗೆ ಎಣ್ಣೆ ಹಚ್ಚಿ ನೀರೆರೆದೂ ಬಂದಾಳು. ಅವಳ ಅಕ್ಕ ಬಸ್ಸಮ್ಮ ಹತ್ತು ವರ್ಷ ದೊಡ್ಡವಳು. ಇಬ್ಬರನ್ನೂ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ಅವ್ವ ತೀರಿಕೊಂಡ ಮೇಲೆ ತಂಗಿಯ ತಲೆ ಬಾಚಿ, ಉಣಿಸಿ ಬೆಳೆಸಿದವಳು ಅಕ್ಕನೇ. ಹಾಗಾಗಿ ಲಾಲಮ್ಮನಿಗೆ ಗಂಡ ಅಂಬ್ರಪ್ಪನ ಮಾತಿಗಿಂತ ಅಕ್ಕನ ಮಾತು ಒಂದು ತೂಕ ಹೆಚ್ಚು.

ಬಸ್ಸಮ್ಮ ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಕರುಳಿನ ಕ್ಯಾನ್ಸರ್ ಬಗ್ಗೆ ಅಧ್ಯಯನ ಮಾಡುವ ಡಾಕ್ಟರರ ತಂಡವೊಂದು ಬಂದಾಗ, ನಲವತ್ತೈದು ದಾಟಿದ ಹೆಂಗಸರನ್ನೆಲ್ಲ ರಕ್ತ ಕೊಡಲು ಶಾಲೆಗೆ ಕರೆತಂದವಳು ಅವಳು. ತಂಡದ ಡಾಕ್ಟರಮ್ಮ ತಿಳಿಯುವಂತೆ ಹೇಳಿದರು. ಎಲ್ಲರ ಕರುಳಲ್ಲೂ ಬ್ಯಾಕ್ಟೀರಿಯಾ ಇರುತ್ತವೆ, ಬಹಳಷ್ಟು ತಮ್ಮ ಪಾಡಿಗೆ ಬದುಕಿಕೊಂಡಿರುತ್ತವೆ. ಕರುಳಿನ ಗೋಡೆ ಕೆಟ್ಟ ಕಡೆ ಮಾತ್ರ ಕೆಲವು ಒಳಗೆ ನುಗ್ಗುತ್ತವೆ. ಆಗ ಮೈ ಅವುಗಳ ಮೇಲೆ ಪ್ರತಿಕಾಯಗಳನ್ನು ಬಿಡುತ್ತದೆ, ಕಳ್ಳರ ಹಿಂದೆ ಕಾವಲುಗಾರರನ್ನು ಅಟ್ಟಿದ ಹಾಗೆ. ಅಂಥ ಕಾವಲುಗಾರರು ರಕ್ತದಲ್ಲಿ ಹೆಚ್ಚಿದ್ದವರಿಗೆ ಕ್ಯಾನ್ಸರಿನ ಅಪಾಯವೂ ಹೆಚ್ಚೇ ಎಂದು ನೋಡುತ್ತಿದ್ದೇವೆ. ಹೆಚ್ಚಿದ್ದರೆ ರೋಗ ಬಂತೆಂದಲ್ಲ. ಅಂಥವರನ್ನು ಕರೆಸಿ, ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡುತ್ತೇವೆ.

“ಸೂಜಿಗೆ ಅಂಜೋರು ಮಕ್ಕಳನ್ನ ಹೆಂಗ ಹಡದ್ರಿ?” ಎಂದು ಬಸ್ಸಮ್ಮ ಹಿಂದೆ ಸರಿದವರನ್ನು ಹಂಗಿಸಿದಳು. ಉಳಿದ ಹೆಂಗಸರೆಲ್ಲ ಕೊಟ್ಟು ಹೋಗಿ ತನ್ನ ಪಾಳಿ ಬರುವ ಹೊತ್ತಿಗೆ ಬೆವೆತುಹೋಗಿ, ತಂಗಿಯನ್ನು ಶಾಲೆಯ ಹಿಂದಕ್ಕೆ ಎಳೆದೊಯ್ದಳು.

“ಯವ್ವಾ, ನನ್ನ ಕೈಲೆ ಆಗಂಗಿಲ್ಲ. ಈ ಚೀಟಿ ಹಿಡಕೊಂಡು ನೀನ ಹೋಗಿ ಕೂಡು.”

“ನನಗಿನ್ನ ಮೂವತ್ತೆಂಟಕ್ಕಾ!”

“ಸೆರಗು ಹೊತ್ಕೋ. ಬಿಸಲಾಗ ದುಡದೋರ ಮಾರಿ ನೋಡಿ ವಯಸ್ಸು ಯಾರು ಹೇಳ್ಯಾರು?”

ರಕ್ತ ತೆಗೆಯುವ ಹುಡುಗನಿಗೆ ಊರವರ ಗುರುತಿರಲಿಲ್ಲ; ಅವನು ಬಸ್ಸಮ್ಮ ಎಂದು ಕೂಗಿದಾಗ ಲಾಲಮ್ಮ ಓಗೊಟ್ಟು ತೋಳು ಚಾಚಿದಳು. ಅವತ್ತು ಸಂಜೆ ಅಕ್ಕತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸುಗ್ಗಿ ಮುಗಿದ ಮೇಲೆ ಬಸ್ಸಮ್ಮ ಸುರಪುರದಲ್ಲಿ ಸಂಘದ ಸಭೆ ಇದೆಯೆಂದು ಹೋಗಿ ಎರಡು ದಿನ ಬಿಟ್ಟು ಬಂದಳು. ತಂಗಿಗೆ ಹಸಿರು ಬಳೆ ತಂದಿದ್ದಳು. ಮುಖ ಮಾತ್ರ ಯಾಕೋ ಬಾಡಿತ್ತು.

ಅದಾದ ಮೇಲೆಯೇ ಲಾಲಮ್ಮನಿಗೆ ಸಂಡಾಸಕ್ಕೆ ಕೂತಾಗ ರಕ್ತ ಹೋಗತೊಡಗಿದ್ದು. ಗಂಡನ ಮುಂದೆ ಹೇಳುವ ಮಾತೇ ಅದು? ಅಕ್ಕನಿಗೆ ಹೇಳಿದಳು. ಬಸ್ಸಮ್ಮ ಬೇರೆ ಕಡೆ ನೋಡುತ್ತ, “ಮೂಲವ್ಯಾಧಿ ಬಿಡು. ಕಾಲುವಿ ಬಂದಾಗಿಂದ ರೊಟ್ಟಿ ಕಡಿಮಿಯಾಗಿ ಅನ್ನನ ಹೆಚ್ಚು ತಿನ್ನಾಕತ್ತೀವಿ, ಮೈಯೆಲ್ಲ ಗರ್ಮಿ,” ಎಂದಳು. ದಿನಾ ತಾನೇ ಮಜ್ಜಿಗೆ ಕಡೆದು ತಂದು ಕುಡಿಸಿದಳು. ಮಜ್ಜಿಗೆ ಕುಡಿಯುತ್ತಲೇ ಲಾಲಮ್ಮ ಇಳಿದುಹೋದಳು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಒಂದು ದಿನ ಆಸ್ಪತ್ರೆಯ ನರ್ಸ್ ಖುರ್ಷೀದಬೇಗಂ ಓಣಿಯ ಕೂಸುಗಳಿಗೆ ಲಸಿಕೆ ಹಾಕಿ, ನೀರು ಕುಡಿಯಲು ಒಳಗೆ ಬಂದಳು.

“ನಿಮ್ಮ ಅಕ್ಕ ಆರಾಮದಾಳಲ್ಲ? ಆಕಿ ರಕ್ತದಾಗ ಆ ಪ್ರತಿಕಾಯ ಭಾಳ ಬಂದಿದ್ವು ನೋಡವ್ವ, ನಾವೆಲ್ಲ ಪರೇಶಾನ್ ಆಗಿದ್ವಿ. ಕೊಳವಿ ಹಾಕಿ ನೋಡಿದ್ರ ಕರಳು ಸಾಫ್!”

ಹಿಟ್ಟು ನಾದುತ್ತಿದ್ದ ಲಾಲಮ್ಮನ ಕೈ ನಿಂತಿತು. ಆ ರಕ್ತ ಅಕ್ಕನದಲ್ಲ. ಸುರಪುರದ ಸಭೆ ಎಂದು ಹೋದದ್ದು ಈ ಕೊಳವೆಗೇ. ರಕ್ತ ಯಾರದೆಂದು ಅಕ್ಕನಿಗೂ ಗೊತ್ತು. ಗೊತ್ತಿದ್ದೂ ಮಜ್ಜಿಗೆ ಕಡೆದಳು.

ನರ್ಸ್ ಹೋದ ಕೂಡಲೇ ಅಕ್ಕನ ಮುಂದೆ ಹೋಗಿ ನಿಂತಳು. “ನಾ ಸತ್ತ ಮ್ಯಾಗ ಹೇಳಾಕ ಇಟ್ಕೊಂಡಿದ್ದೇನು?”

“ರೋಗ ಅಂತ ಅಂದಿಲ್ಲ ಅವರು, ಸುಳಿವು ಅಷ್ಟ ಅಂದ್ರು. ನಿನಗ ಹೇಳಿದ್ರ ಡಾಕ್ಟರಿಗೂ ಹೇಳಬೇಕಾಗ್ತಿತ್ತು. ಊರೆಲ್ಲ ನನ್ನ ಮಾರಿಗೆ ಉಗಳತಿತ್ತು ಲಾಲವ್ವ.”

“ಈಗರ ಬಂದು ಡಾಕ್ಟರ ಮುಂದ ಹೇಳು.”

ಬಸ್ಸಮ್ಮ ಹೂಂ ಎಂದಳು. ಮರುದಿನ ಆಸ್ಪತ್ರೆಗೆ ಜೊತೆಗೆ ಬಂದಳು ಕೂಡ. ಆದರೆ ಸಂಘದ ಇಬ್ಬರು ಹೆಂಗಸರು ತಮ್ಮ ಪಾಳಿಗೆಂದು ಡಾಕ್ಟರಮ್ಮನ ಬಾಗಿಲಲ್ಲೇ ನಿಂತಿದ್ದರು. ಲಾಲಮ್ಮ ಒಳಗೆ ಹೋಗಿ, ಅವತ್ತಿನ ರಕ್ತ ತನ್ನದೆಂದು ಡಾಕ್ಟರಮ್ಮನಿಗೆ ಹೇಳಿದಳು. ಬಸ್ಸಮ್ಮ ಬಾಗಿಲಲ್ಲಿದ್ದ ಹೆಂಗಸರ ಕಡೆ ನೋಡಿದಳು, ನೆಲ ನೋಡಿದಳು. “ಆ ರಕ್ತ ನಂದರಿ. ಈಕಿ ಅಂಜಿಕಿಗೆ ಏನೇನೋ ಮಾತಾಡಾಕತ್ತಾಳ,” ಎಂದಳು.

ಲಾಲಮ್ಮ ಅಕ್ಕನ ಮುಖವನ್ನೇ ನೋಡಿದಳು. ಜ್ವರ ಬಂದಾಗ ರಾತ್ರಿಯೆಲ್ಲ ತನ್ನ ಹಣೆಯ ಮೇಲೆ ಕೈಯಿಟ್ಟುಕೊಂಡು ಕೂತ ಮುಖ ಅದು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದಳು.

“ಯಾರ ರಕ್ತಾರ ಇರ್ಲಿ ಬಿಡ್ರಿ ಬಾಯಾರ. ನಾಕು ತಿಂಗಳಿಂದ ನನಗ ಸಂಡಾಸದಾಗ ರಕ್ತ ಹೋಗಾಕತ್ತದ. ಕೊಳವಿ ನನಗೂ ಹಾಕ್ರಿ.”

ಹಾಕಿದರು. ಕರುಳಿನ ಎಡಬದಿಗೆ ಗಂಟಿತ್ತು. ತುಣುಕು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದೇ ಬಂತು. ಬೇರೆ ಕಡೆ ಹಬ್ಬಿಲ್ಲ, ಕೊಯ್ದು ತೆಗೆಯಬಹುದು, ಆದರೆ ತಡಮಾಡುವ ಹಾಗಿಲ್ಲ ಎಂದರು ಡಾಕ್ಟರಮ್ಮ. ಬಸ್ಸಮ್ಮ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

ಆಪರೇಷನ್ನಿಗೆ ಸೇರಿಸಿಕೊಳ್ಳುವಾಗ ಅಲ್ಲಿಯ ಸಿಸ್ಟರ್ ಕೇಳಿದಳು, “ನಿಮ್ಮ ಕೂಡ ಯಾರಿರ್ತಾರ್ರಿ?”

“ನಾ ಇರ್ತೀನ್ರಿ,” ಬಸ್ಸಮ್ಮ ಮುಂದೆ ಬಂದಳು. “ನಾ ಬೆಳಸಿದ ಕೂಸದು.”

“ಬ್ಯಾಡ್ರಿ,” ಎಂದಳು ಲಾಲಮ್ಮ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತ. “ನನ್ನ ಗಂಡಗ ಫೋನ್ ಹಚ್ಚ್ರಿ. ಹೊಟ್ಟಿನೋವಂತ ಅಷ್ಟ ಹೇಳಿ ಬಂದೀನಿ, ಆಂವಗಿನ್ನ ಏನೂ ಗೊತ್ತಿಲ್ಲ. ನಾನ ಹೇಳ್ತೀನಿ.”